ಹದಿಮೂರು ಆಕ್ಸಿಜನ್

ಜನವರಿ 9
ಇಳಿಸು, ಎತ್ತು, ತೊಳೆ. ತುಕ್ಕು ಹಿಡಿದ ಪೈಪು ಆಸಿಡ್ ತೊಟ್ಟಿಯಿಂದ ಬೆಳ್ಳಗೆ ಬರುತ್ತೆ. ನನ್ನ ಕೈ ಮಾತ್ರ ಹಳದಿ. ಗ್ಲೌಸ್ ಮತ್ತೆ ತೂತು.

ನೋಟಿಸ್ ಹಾಕಿದ್ದಾರೆ — ಮೇಲಿನ ಲ್ಯಾಬಿಗೆ ಒಬ್ಬ ಹೆಲ್ಪರ್ ಬೇಕು. ತೊಟ್ಟಿ ಹುಡುಗರೂ ಟೆಸ್ಟ್ ಬರೀಬಹುದು. ಹತ್ತನೇ ಕ್ಲಾಸು ಸಾಕು. ಇಪ್ಪತ್ತೈದು ತುಂಬಿರಬಾರದು. ನಂಗೆ ಮಾರ್ಚಿಗೆ ತುಂಬುತ್ತೆ. ಅಂದ್ರೆ ಇದೊಂದೇ ಸಲ.

ಅಮ್ಮಂಗೆ ಹೇಳ್ದೆ. "ನಿನ್ ಕಾಲು ಎಲ್ಲಿ ನಿಂತಿದೆ? ಗ್ಯಾರೇಜು ಬಿಟ್ಟೆ, ಪ್ರೆಸ್ಸು ಬಿಟ್ಟೆ. ಇದನ್ನಾದ್ರೂ ನೆಟ್ಟಗೆ ಮಾಡಪ್ಪ" ಅಂದ್ಲು.

ಜನವರಿ 12
ಊಟದ ಹೊತ್ತಲ್ಲಿ ಲ್ಯಾಬ್ ಅಕ್ಕ ಹೇಳಿಕೊಡ್ತಾರೆ. ನಾನು, ಪಕ್ಕದ ತೊಟ್ಟಿಯ ಸಣಕಲ ಹುಡುಗ ಕಡ್ಡಿ — ಇಬ್ಬರೇ.

ಈಕ್ವೇಶನ್ ಬ್ಯಾಲೆನ್ಸ್ ಮಾಡೋದು. ಎಡಗಡೆ ಎಷ್ಟು ಪರಮಾಣುವೋ ಬಲಗಡೇನೂ ಅಷ್ಟೇ ಇರಬೇಕು. ಹೈಡ್ರೋಜನ್, ಆಕ್ಸಿಜನ್ ಸೇರಿ ನೀರು. ಎಡಗಡೆ ಆಕ್ಸಿಜನ್ ಎರಡು, ಬಲಗಡೆ ಒಂದು. ನಾನು ಟಪ್ ಅಂತ H₂O ಇದ್ದಿದ್ದನ್ನ H₂O₂ ಮಾಡ್ದೆ. ಸರಿಹೋಯ್ತಲ್ಲ.

ಅಕ್ಕ ಮೂಲೆಯ ನೀಲಿ ಕ್ಯಾನ್ ತೋರಿಸಿದ್ರು. "ನೀನು ಬರೆದಿದ್ದು ಅದರಲ್ಲಿದೆ. ಚರ್ಮ ಸುಡುತ್ತೆ. ಬಾಯಾರಿದ್ರೆ ಕುಡಿ."

ಕಡ್ಡಿ ಬಿದ್ದು ಬಿದ್ದು ನಕ್ಕ.

"ಕೆಳಗಿನ ಸಣ್ಣ ನಂಬರ್ ಮುಟ್ಟಬೇಡಪ್ಪ. ಮುಟ್ಟಿದ್ರೆ ವಸ್ತುನೇ ಬೇರೆ. ಮುಂದೆ ದೊಡ್ಡ ನಂಬರ್ ಹಾಕು."

2H₂ + O₂ → 2H₂O. ಹೌದು... ಬಂತು.

ಜನವರಿ 20
ಕಡ್ಡಿ ತಲೆಗೆ ಹತ್ತಲ್ಲ. ಬೆರಳು ಮಡಚಿ ಎಣಿಸ್ತಾನೆ, ಅಳಿಸ್ತಾನೆ, ಮತ್ತೆ ಎಣಿಸ್ತಾನೆ. ಎಮ್ಮೆ ಮೆಲುಕು ಹಾಕ್ದಂಗೆ. ನಂಗೆ ಕಾಲು ಕುಣಿಯುತ್ತೆ.

ಗ್ಯಾಸ್ ಉರಿಯೋ ಲೆಕ್ಕ. ಬಲಗಡೆ ಏಳು ಆಕ್ಸಿಜನ್ ಬಂತು. ಎಡಗಡೆ ಜೋಡೀಲೇ ಬರೋದು. "ಏನ್ಮಾಡ್ಲೋ?" ಅಂದ.

"ಏಳು ಚಪ್ಪಲಿ ಕೊಡಿ ಅಂದ್ರೆ ಅಂಗಡಿಯವ್ನು ಕೊಡ್ತಾನೇನೋ? ಎಲ್ಲಾನೂ ಡಬಲ್ ಮಾಡು. ಹದಿನಾಲ್ಕಾಯ್ತು, ಏಳು ಜೋಡಿ. ಮತ್ತೆ ಮೊದಲಿಂದ ಎಣಿಸು."

"ಮತ್ತೆ ಮೊದಲಿಂದಾನಾ?"

"ಹೂಂ ಕಣೋ."

ಫೆಬ್ರವರಿ 3
ಟೆಸ್ಟ್ ಆಯ್ತು. ಕೊನೇ ಲೆಕ್ಕ C₄H₁₀ ಗ್ಯಾಸ್ ಉರಿಯೋದು. ಬಲಗಡೆ ಹದಿಮೂರು ಆಕ್ಸಿಜನ್. ಬೆಸ. ಡಬಲ್ ಮಾಡ್ಬೇಕು, ಗೊತ್ತಿತ್ತು. ಅಷ್ಟನ್ನೂ ಹೊಡೆದು ಹಾಕಿ ಮತ್ತೆ ಮೊದಲಿಂದ... ಇನ್ನೂ ಅರ್ಧ ಗಂಟೆ ಇತ್ತು. ಕೂರಕ್ಕಾಗ್ಲಿಲ್ಲ. ಫ್ಯಾನ್ ಕಟಕಟ. ಹಿಂದೆ ಕಡ್ಡಿ ಪಿಸಿಪಿಸಿ ಎಣಿಸ್ತಾ ಇದ್ದ.

O₂ ಅಳಿಸಿ O₁₃ ಅಂತ ಬರೆದು ಎದ್ದು ಬಂದೆ.

ಗೇಟ್ ದಾಟಿದ ಮೇಲೆ ವಾಪಸ್ ಹೋದೆ. ಒಳಗೆ ಬಿಡ್ಲಿಲ್ಲ.

ಫೆಬ್ರವರಿ 17
ಲ್ಯಾಬ್ ಕೆಲಸ ಕಡ್ಡಿಗಾಯ್ತು. ಒಂದೇ ಲೆಕ್ಕದಲ್ಲಿ ನನ್ನ ದಾಟಿದ. ಯಾವುದು ಅಂತ ಕೇಳಲಿಲ್ಲ.

ಲ್ಯಾಬ್ ಅಕ್ಕ ಮೆಟ್ಟಿಲಲ್ಲಿ ಸಿಕ್ಕಿದ್ರು. "ಹದಿಮೂರರ ಆಕ್ಸಿಜನ್ ಲೋಕದಲ್ಲೇ ಇಲ್ಲಪ್ಪ" ಅಂದ್ರು. ಬೈದಿದ್ರೆ ವಾಸಿಯಿತ್ತು.

ಫೆಬ್ರವರಿ 26
ಸೂಪರ್‌ವೈಸರ್: "ಕಡ್ಡಿ ತೊಟ್ಟೀನೂ ನೀನೇ ನೋಡ್ಕೋ."

ಕಡ್ಡಿ ಬಾಟ್ಲಿ ಹಿಡ್ಕೊಂಡು ಸ್ಯಾಂಪಲ್‌ಗೆ ಬಂದಿದ್ದ. "ಚಪ್ಪಲಿ ಲೆಕ್ಕಾನೇ ಕಣೋ ಗುರುವೇ ನನ್ನ ಉಳಿಸಿದ್ದು" ಅಂದ. ಕಳ್ಳ ಮನಸಲ್ಲ ಅವನದು. ಅದಕ್ಕೇ ಇನ್ನೂ ಉರಿ.

ಮಾರ್ಚ್ 8
ಇಪ್ಪತ್ತೈದು ತುಂಬ್ತು.

ಕೆಲಸ ಸಿಗ್ಲಿಲ್ಲ ಅಂತ ಅಮ್ಮಂಗೆ ಇನ್ನೂ ಹೇಳಿಲ್ಲ. ಲ್ಯಾಬಿಗೆ ಅಂತ ಬಿಳಿ ಶರ್ಟು ತಂದು ಇಸ್ತ್ರಿ ಮಾಡಿಟ್ಟಿದ್ಲು. "ಇವತ್ತಾದ್ರೂ ಹಾಕ್ಕೊಳೋ" ಅಂದ್ಲು. ಹಾಕ್ಕೊಂಡೇ ಹೋದೆ. ಎರಡೂ ತೊಟ್ಟಿ ನಂದೇ, ಎಷ್ಟು ಅಂತ ಹುಷಾರಾಗಿರೋದು? ಶರ್ಟಿನ ತೋಳಿಗೆ ಆಸಿಡ್ ಹಾರ್ತು. ಸಾಲಾಗಿ ತೂತು.

ಬಂದವನೇ ಬಿಚ್ಚಿ ಬಕೆಟ್ಟಿನ ತಳಕ್ಕೆ ತುರುಕಿದ್ದೆ. ಈಗ ಬಟ್ಟೆ ಒಗೆಯಕ್ಕೆ ಕೂತಿದ್ದಾಳೆ. ಶರ್ಟು ಎತ್ತಿ ಹಿಡಿದು ನಲ್ಲಿ ನಿಲ್ಲಿಸಿದ್ಲು.

"ಬಾರೋ ಇಲ್ಲಿ" ಅಂತಿದ್ದಾಳೆ. ಮೆತ್ತಗೆ. ಏನು ಹೇಳ್ಲಿ, ನಾನು ಅವಳಿಗೆ —