ನಾವಿಬ್ಬರೂ ಮಾಡಿದ ವಿಂಚು

ತೋಲ್ಪೆಟ್ಟಿ
9 ಫೆಬ್ರವರಿ 2025, ಭಾನುವಾರ

ಪ್ರೀತಿಯ ಸುಕನ್ಯಾ,

ಕೋಟೆ ಊರಿನಲ್ಲಿ ನಿನ್ನ ಅಕ್ಕನ ಮನೆಯಲ್ಲಿ ನೀನು ಹೇಗಿದ್ದೀಯೆಂದು ಕೇಳುವ ಧೈರ್ಯವಿಲ್ಲ. ಹೊರಡುವ ದಿನ ನೀನು ಚೀಲ ಹಿಡಿದು ಬಾಗಿಲಲ್ಲಿ ನಿಂತು, ‘ಮೂರು ತಿಂಗಳಿಂದ ಗೋಡೆ ಜೊತೆ ಸಂಸಾರ ಮಾಡ್ದಂಗಾಯ್ತು, ನಾನೇನು ತಪ್ಪು ಮಾಡ್ದೆ ಹೇಳಿ’ ಎಂದೆ. ನಿನ್ನದೇನೂ ತಪ್ಪಿಲ್ಲ. ಇಷ್ಟನ್ನು ಹೇಳಲು ನನಗೆ ಏಳು ವಾರ ಬೇಕಾಯಿತು.

ಕರಿಯನ್ ವಿಷಯ ಬರೆಯಬೇಕು. ಹದಿನಾಲ್ಕು ವರ್ಷ ನನ್ನ ಪಿಕಪ್ಪಿಗೆ ಬಾವಿಯ ಕಾಂಕ್ರೀಟ್ ರಿಂಗು, ರುಬ್ಬುಗಲ್ಲು, ಮರದ ದಿಮ್ಮಿ ಏರಿಸಿದ ಕೈ ಅವನದು. ಹರ್ನಿಯಾ ಆಪರೇಷನ್ ಆದಮೇಲೆ ಭಾರ ಎತ್ತಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರಲ್ಲ, ಅಂದು ಆಸ್ಪತ್ರೆಯ ಮೆಟ್ಟಿಲಿಳಿಯುತ್ತಾ ಅವನು, ‘ಹಂಗಾದ್ರೆ ಇನ್ನು ನಂಗೆ ಪಣಿ ಇಲ್ಲ ಅಲ್ವಾ ರಾಜಣ್ಣ?’ ಅಂದ. ಕೆಲಸವನ್ನು ಅವನು ಪಣಿ ಅಂತಲೇ ಅನ್ನುತ್ತಿದ್ದದ್ದು. ಹಗ್ಗ ಸುತ್ತಿ ಭಾರವನ್ನು ಗಾಡಿಗೆ ಎಳೆಯುವ ವಿಂಚು ಮಾಡುವ ಯೋಚನೆ ಬಂದದ್ದು ಆ ಮೆಟ್ಟಿಲ ಮೇಲೆ. ಅವನನ್ನು ಬಿಟ್ಟುಕೊಡಬಾರದೆಂದೇ ಅದನ್ನು ಮಾಡಿದೆ. ಇದನ್ನಾದರೂ ನಂಬು.

ಆ ಹದಿನೈದು ದಿನ ನೀನೂ ನೋಡಿದ್ದೀಯೆ. ಬೋರ್‌ವೆಲ್ ಪೈಪಿನ ತುಂಡು ಹಗ್ಗ ಸುತ್ತುವ ಉರುಳೆಯಾಯಿತು. ಕಾಂಕ್ರೀಟ್ ಮಿಕ್ಸರಿನ ಹಲ್ಲುಚಕ್ರವನ್ನು ಮಾನಂದವಾಡಿಯ ಗುಜರಿಯಲ್ಲಿ ವೆಲ್ಡರ್ ಭಾಸ್ಕರನ್ ಹುಡುಕಿಕೊಟ್ಟ. ಬೆಸುಗೆ ಕೆಲಸವೂ ಅವನದೇ. ಚಕ್ರ ಹಿಂದಕ್ಕೆ ತಿರುಗದಂತೆ ತಡೆಯುವ ಕೊಕ್ಕೆಯನ್ನು ಮಾತ್ರ ಜೀಪಿನ ಹಳೆಯ ಪ್ಲೇಟು ಕತ್ತರಿಸಿ ನಾನೇ ಮಾಡಿ, ನಾನೇ ಬೆಸೆದೆ. ಹಿಡಿಕೆ ತಿರುಗಿಸಿದರೆ ಟಕ್ ಟಕ್ ಎಂದು ಕೊಕ್ಕೆ ಒಂದೊಂದೇ ಹಲ್ಲಿಗೆ ಬೀಳುವ ಸದ್ದಿಗೆ ಕರಿಯನ್ ಮಗುವಿನ ಹಾಗೆ ನಕ್ಕ. ನೀನು ಕುಂಕುಮ ಇಟ್ಟೆ. ಮೊದಲನೇ ರಿಂಗು ಗಾಡಿಗೆ ಒರಗಿಸಿದ ಹಲಗೆಯ ಮೇಲೆ ತಾನಾಗಿ ಹತ್ತಿ ಹೋದಾಗ, ‘ಇದು ನಂಗಿಂತ ಚೆನ್ನಾಗಿ ಪಣಿ ಮಾಡ್ತದೆ’ ಅಂದ. ಆರು ವಾರ ಹಾಗೇ ನಡೆಯಿತು.

ಸೆಪ್ಟೆಂಬರ್ ಹದಿನೆಂಟರಂದು ವೆಳ್ಳಮುಂಡದಲ್ಲಿ ಹಿಡಿಕೆ ನನ್ನ ಕೈಯಲ್ಲಿತ್ತು. ರಿಂಗು ಹಲಗೆಯ ಮೇಲೆ ಪಕ್ಕಕ್ಕೆ ವಾಲತೊಡಗಿತು. ಹಿಂದೆ ನಿಂತು ಹಾರೆಯಿಂದ ಒತ್ತು ಕೊಡು ಎಂದು ಕರಿಯನ್‌ಗೆ ಹೇಳಿದವನು ನಾನೇ. ಕೊಕ್ಕೆ ಏಕಾಏಕಿ ಮುರಿಯಿತು. ಹಿಡಿಕೆ ನನ್ನ ಕೈಯಿಂದ ಕಿತ್ತುಕೊಂಡು ತಿರುಗಿತು, ರಿಂಗು ಹಿಂದಕ್ಕೆ ಉರುಳಿತು. ಕರಿಯನ್ ಕೂಗಲೂ ಇಲ್ಲ.

ಜನ ಓಡಿ ಬಂದರು. ಅಷ್ಟರಲ್ಲಿ ಯಾರೋ ನನ್ನ ಭುಜ ಹಿಡಿದು ‘ಕುಡಿಚ್ಚಿಟ್ಟುಂಡೋ?’ ಎಂದು ಕೇಳಿದರು. ಕುಡಿದಿದ್ದನಾ ಅಂತ. ಕಾಡಿನ ಹಾಡಿಯವನು ಸತ್ತರೆ ಮೊದಲು ಕೇಳುವ ಪ್ರಶ್ನೆಯೇ ಅದು. ನಾನು ತಲೆಯಾಡಿಸಿದೆ. ಹೌದು ಎಂದು, ಸುಕನ್ಯಾ. ಒಂದು ಮಾತೂ ಆಡಲಿಲ್ಲ, ತಲೆ ಆಡಿಸಿದೆ ಅಷ್ಟೇ. ಆಮೇಲೆ ಯಾರೂ ಏನೂ ಕೇಳಲಿಲ್ಲ. ವಿಂಚಿನ ಕಡೆ ಕೂಡ ಒಬ್ಬರೂ ತಿರುಗಿ ನೋಡಲಿಲ್ಲ.

ಮಗಳ ಮದುವೆಯ ದಿನ ಆಣೆ ಹಾಕಿ ಕುಡಿತ ಬಿಟ್ಟವನು ಅವನು. ನಾಲ್ಕು ವರ್ಷ ಒಂದು ತೊಟ್ಟು ಮುಟ್ಟಿರಲಿಲ್ಲ. ಶವಾಗಾರದ ಮುಂದೆ ಜಾನಕಿ ಎದೆ ಬಡಿದುಕೊಂಡು, ‘ಮಗಳ ತಲೆ ಮುಟ್ಟಿ ಆಣೆ ಇಟ್ಟು, ಕೊನೆಗೂ ಕುಡ್ದೇ ಸತ್ರಲ್ಲಾ’ ಎಂದು ಗಂಡನನ್ನು ಬೈದಳು. ಬಟ್ಟೆ ಸರಿಸಿದಾಗ ಮುಖ ತಿರುಗಿಸಿಕೊಂಡಳು. ನೀನು ಅವಳನ್ನು ತಬ್ಬಿ ಹಿಡಿದಿದ್ದೆ. ನಾನು ಎರಡು ಮಾರು ದೂರದಲ್ಲಿದ್ದೆ. ಆಗಲೂ ಹೇಳಬಹುದಿತ್ತು. ಮನೆಗೆ ಬಂದಮೇಲೆ ನಿನಗಾದರೂ ಹೇಳಬಹುದಿತ್ತು. ನೀನು ಅನ್ನ ಬಡಿಸುತ್ತಾ ‘ಪಾಪ, ಬಿಟ್ಟಿದ್ದವನು ಮತ್ತೆ ಯಾಕೆ ಕುಡ್ದನೋ’ ಅಂದಾಗಲೆಲ್ಲ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದೆ. ಆಮೇಲೆ ನಿನ್ನ ಮುಖ ನೋಡುವುದನ್ನೇ ಬಿಟ್ಟೆ.

ಮೊನ್ನೆ ಗುರುವಾರ ಹಾಡಿಗೆ ಹೋದೆ. ಜಾನಕಿ ಅಂಗಳದಲ್ಲಿ ಕಾಫಿ ಕಾಯಿ ಹರವುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಹಿಡಿಕೆ ನನ್ನ ಕೈಯಲ್ಲಿತ್ತು, ಕಬ್ಬಿಣ ಮುರಿಯಿತು, ಅವನು ಕುಡಿದಿರಲಿಲ್ಲ ಎಂದೆ. ಬೈಯಲಿ, ಹೊಡೆಯಲಿ ಎಂದು ಕಾದೆ.

‘ಸತ್ಯಂ ಹೇಳಿ ರಾಜಣ್ಣ, ತೊಟ್ಟೂ ಕುಡ್ದಿರ್ಲಿಲ್ವಾ?’

ಇಲ್ಲ ಎಂದೆ.

‘ನಾನವರ ಮುಖ ನೋಡ್ಲೇ ಇಲ್ವಲ್ಲ.’

ಇಷ್ಟನ್ನೇ ಎರಡು ಸಲ ಹೇಳಿದಳು. ನನಗಲ್ಲ, ಕೈಯಲ್ಲಿದ್ದ ಕಾಯಿಗಳಿಗೆ. ಆಮೇಲೆ ಇನ್ನು ಇಲ್ಲಿಗೆ ಬರಬೇಡಿ ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೇಳಿದರೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಅವಳಿಗೆ ಗಂಡನ ಮೇಲೆ ಕೋಪವಾದರೂ ಇತ್ತು. ಅದನ್ನೂ ಕಿತ್ತುಕೊಂಡು ಬಂದಂತಾಯಿತು.

ಗಾಡಿ ನಿಂತಲ್ಲೇ ನಿಂತಿದೆ. ಕುಟ್ಟ ಊರಿನವರು ಬಾಡಿಗೆಗೆ ಕರೆಯುವುದನ್ನು ಬಿಟ್ಟಿದ್ದಾರೆ. ವಿಂಚು ಬಿಚ್ಚಲು ಎರಡು ಸಲ ಸ್ಪ್ಯಾನರ್ ಹಿಡಿದು ಹೋದೆ, ಆಗಲಿಲ್ಲ. ಅದರ ಅರ್ಧ ಬೋಲ್ಟು ಬಿಗಿದವನು ಅವನು. ವಾಪಸ್ಸು ಬಾ ಎಂದು ಕೇಳುವ ಬಾಯಿ ನನಗಿಲ್ಲ. ಇದನ್ನೆಲ್ಲ ತಿಳಿದ ಮೇಲೂ ಬರುತ್ತೀಯೆಂದು ಅಂದುಕೊಳ್ಳುವಷ್ಟು ಹುಚ್ಚನೂ ಅಲ್ಲ. ಬೇಕಾದರೆ ಈ ಪತ್ರವನ್ನು ಅಕ್ಕನಿಗೆ ತೋರಿಸು.

ಇಂದಿಗೂ ನಿನ್ನವನೇ,
ಶಾಂತರಾಜು

ತಾ.ಕ.: ಕೊಕ್ಕೆ ಏಕಾಏಕಿ ಮುರಿಯಿತು ಎಂದು ಮೇಲೆ ಬರೆದಿದ್ದೇನೆ. ಜಾನಕಿಗೂ ಹಾಗೇ ಹೇಳಿ ಬಂದೆ. ಅದು ಸುಳ್ಳು. ಅಂದು ಬೆಳಿಗ್ಗೆಯೇ ನನ್ನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಕರಿಯನ್ ಕಣ್ಣಿಗೆ ಬಿದ್ದಿತ್ತು. ಉಗುರಿನಿಂದ ಗೀರಿ ತೋರಿಸಿ, ‘ಭಾಸ್ಕರನ್ ಹತ್ರ ಹೋಗಿ ಬರಾಣ’ ಅಂದ. ಇದೊಂದು ರಿಂಗು ಆಗಲಿ, ಆಮೇಲೆ ಹೋಗೋಣ ಎಂದೆ. ‘ಶರಿ’ ಎಂದು ಹಾರೆ ಎತ್ತಿಕೊಂಡ.