ಕುರಿಗೊಬ್ಬರ ಒಲ್ಲೆ ಅಂದ ಹೂವು

ಹುನಗುಂದ
ಸೋಮವಾರ, ೨೦ ಜನವರಿ ೨೦೨೫

ಪ್ರೀತಿಯ ಮಗ ಸೋಮಲಿಂಗಾ,

ಹೆಂಗದೀಪಾ? ಒಂಗೋಲದಾಗ ಕಲ್ಲು ಕೊಯ್ಯೂ ಮಷೀನಿನ ಮುಂದ ನಿಲ್ಲೂವಾಗ ಮೂಗಿಗೆ ಅರಬಿ ಕಟ್ಕೊಂತೀಯೋ ಇಲ್ಲೋ? ದೀಪಾವಳಿಗೆ ಬಂದಾಗ ನಿನ್ನ ಕೆಮ್ಮು ನನಗ ಬರೋಬ್ಬರಿ ಅನಸಿರಲಿಲ್ಲ. ಅಲ್ಲಿ ಹಸಿಮೆಣಸಿನಕಾಯಿ ಊಟ ಕಡಿಮಿ ಮಾಡು, ಮಜ್ಜಿಗಿ ಕುಡಿ. ನನ್ನ ಮೊಣಕಾಲು ಇದ್ದಂಗ ಅದಾವ, ಬಿ.ಪಿ. ಗುಳಿಗಿ ತಪ್ಪಸಿಲ್ಲ. ನಿನ್ನ ಹೆಂಡತಿ ಲಲಿತಾ ಅರಾಮ ಅದಾಳ. ಫೋನ್ ಬಿಟ್ಟು ಮುದುಕ ಕಾಗದ ಯಾಕ ಬರದಾನು ಅಂತ ನಿನಗ ಅನಸಬಹುದು. ನಾ ಫೋನಿನ್ಯಾಗ ಮಾತಾಡಿದ್ರ ನಾಕು ಮನಿಗೆ ಕೇಳಸತೈತಿ, ಲಲಿತಾಗಂತೂ ಕೇಳಸೇ ಕೇಳಸತೈತಿ. ಮ್ಯಾಲ ನೀ ನನಗ ಮಾತು ಮುಗಸಾಕ ಬಿಡೂದಿಲ್ಲ. "ಪಾಯಿಂಟಿಗೆ ಬಾರಪ್ಪಾ" ಅಂತೀ. ಕಾಗದದಾಗ ಹಂಗ ಅನ್ನಾವ್ರು ಯಾರೂ ಇಲ್ಲ.

ಹಬ್ಬಾ ಮುಗಿಸಿ ಹೋಗೂವಾಗ ಬಸ್‌ಸ್ಟ್ಯಾಂಡಿನ್ಯಾಗ ನೀ ನನಗೊಂದು ಕೆಲಸ ಹಚ್ಚಿ ಹೋದಿ. "ಅಪ್ಪಾ, ಈ ಹೂವಿನ ಹುಚ್ಚು ಬಿಡು ಅಂತ ನೀನ ಅಕಿಗೆ ಹೇಳು, ನಾ ಹೇಳಿದ್ರ ಜಗಳ ಆಕ್ಕೈತಿ. ಮಿಸ್ತ್ರಿ ಹೆಂಡತಿ ಹೋಟೆಲಿನ ಹಿಂಬಾಗಲಕ್ಕ ಬುಟ್ಟಿ ಹಿಡಕೊಂಡು ನಿಂತ್ರ ಇಳಕಲ್ಲ ತನಕ ನಗ್ತಾರ" ಅಂದಿ. ನಾನೂ ಹೂಂ ಅಂದೆ. ಯಾಕಂದ್ರ ಆ ಹೂವಿನ ಮ್ಯಾಲ ನನಗ ನಿನಗಿಂತ ಹೆಚ್ಚಿಗಿ ಹೇಸಿಗಿ. ಡಿಸ್ಗಸ್ಟ್ ಈಸ್ ದಿ ವರ್ಡ್, ಅಂತ ನಮ್ಮ ಬಾಗಲಕೋಟಿ ಕಾಲೇಜಿನ್ಯಾಗ ಒಬ್ಬರು ಸರ್ ಅಂತಿದ್ರು. ಯಾವುದಕ್ಕ ಅಂತಿದ್ರೋ ಮರತೇನಿ, ಬಹುಶಃ ನಮಗ ಇರಬೇಕು.

ಹೂವು ದೇವರಿಗೆ, ಹೆರಳಿಗೆ, ಕಡೀಕ ಹೆಣಕ್ಕ. ಇಷ್ಟು ನನಗ ಗೊತ್ತು. ತಾಟಿನ್ಯಾಗ ಇಟಗೊಂಡು ಹಸೀದ ತಿನ್ನಾಕ ಹೂವು ಬೇಕು ಅಂತ ಯಾವ ಮನಶ್ಯಾ ಕೇಳ್ಯಾನು? ಕೇಳಿದಾಂವ ದಾನಿಶ. ಲಲಿತಾನ ಗೆಳತಿ ತಸ್ಲೀಮಾನ ಗಂಡ, ಬಾದಾಮಿಯ ಒಂದು ದೊಡ್ಡ ಹೋಟೆಲಿನ್ಯಾಗ ಅಡಿಗಿ ಮಾಡತಾನ. ಗುಹಾ ನೋಡಾಕ ಬರೂ ಪ್ರವಾಸಿ ಮಂದಿ ಈ ಹೂವು, ಎಲಿ ಎರಡೂ ತಿಂತಾರಂತ. ನಸ್ಟರ್ಷಿಯಂ ಅಂತ ಹೆಸರು. ನಾ ನಸ್ಟರ್ಷಿಯವ್ವ ಅಂತೇನಿ. ಬೀಜ ನೋಡಿದ್ರ ಒಣಗಿದ ಕಡ್ಲಿಕಾಳು ಸುಕ್ಕುಗಟ್ಟಿದಂಗ, ಒಂದು ರಾತ್ರಿ ನೀರಾಗ ನೆನಿ ಇಡಬೇಕು, ಬಿತ್ತಿದಲ್ಲೇ ಬೆಳೀಬೇಕು, ಕಿತ್ತು ಬ್ಯಾರೆ ಕಡೆ ಹಚ್ಚಿದ್ರ ಸಿಟ್ಟಿಗೇಳತೈತಂತ. ಎಂಥಾ ಸೊಕ್ಕು! ನಾ ಓಣ್ಯಾಗ ನಿಂತು ಇದನ್ನೆಲ್ಲಾ ಬೈತಿದ್ದೆ. ಬಾಜೂ ಮನಿ ಲಾಡಬಿ ಕಟ್ಟಿ ಮ್ಯಾಲಿಂದ, "ಅಣ್ಣಾರ, ಹೂಗೋಬಿ ಪಲ್ಯ ಬಾಯಿ ಚಪ್ಪರಿಸಿ ತಿಂತೀರಿ, ಅದೇನು ಕಾಯೇನ್ರಿ?" ಅಂದ್ಲು. ಆವತ್ತಿಂದ ಓಣ್ಯಾಗ ನಿಂತು ಬೈಯೂದು ಬಿಟ್ಟೇನಿ, ಮನ್ಯಾಗ ಬೈತೇನಿ.

ನೀ ಹಬ್ಬಕ್ಕ ಬಂದಾಗ ಬರೇ ಎಲಿ ನೋಡಿದ್ದಿ. ಎಲಿ ಹಿಂದಿನ ಕಥಿ ನಿನಗ ಯಾರೂ ಹೇಳಿಲ್ಲ. ಗಣಪತಿ ಹಬ್ಬ ಆದಕೂಡಲೇ ಲಲಿತಾ ಬೀಜದ ಪಾಕೀಟು ನನ್ನ ಕೈಯಾಗ ಕೊಟ್ಟು, ಇಂಗ್ಲೀಷು ಓದಿ ಹೇಳ್ರಿ ಮಾವಾರ ಅಂದ್ಲು. ಫುಲ್ ಸನ್ ಅಂದ್ರ ಬಿಸಲು, ಸರಿ. ಆಮ್ಯಾಲ ಪೂವರ್ ಸಾಯಿಲ್ ಅಂತ ಇತ್ತು. ಬಡ ಮಣ್ಣು! ಬಿ.ಎ. ಪಾಸಾದ ನನ್ನ ತಲೀಗೆ ಅದು ಹೋಗಲಿಲ್ಲ. ಅವರ ದೇಶದಾಗ ಮಣ್ಣು ಬಡವ ಇರಬೇಕು, ಅದಕ್ಕ ಹಂಗ ಬರಕೊಂಡಾರ, ನಾವ್ಯಾಕ ಬಡವರಾಗೂಣು ಅಂದೆ. ಕುರಿ ಕಾಯೂ ಬೀರಪ್ಪನ ಒಕ್ಕಲು ನಾವು. ಕುರಿ ಕೂಡ್ರಿಸಲಾರದ ಭೂಮಿಗೆ ನಮ್ಮಪ್ಪ ಬೀಜ ಹಾಕಿದ್ದು ನಾ ನೋಡಿಲ್ಲ. ರಾಮಥಾಳದ ನಿಮ್ಮ ದೊಡ್ಡಪ್ಪ ದುರ್ಗಪ್ಪಗ ಹೇಳಿ ಕಳಿಸಿದೆ. ಆಂವ ಹಿಂಡಿನ್ಯಾಗ ಅರ್ಧ ಹೊಡಕೊಂಡು ಬಂದು ರಾತ್ರಿ ನಮ್ಮ ಹಿತ್ತಲದಾಗ ಮಲಗಿಸಿದ. ಮುಂಜಾನೆ ನೋಡಿದ್ರ ಹಿಕ್ಕಿ ಹಾಸಿಗಿ ಹಾಸಿದಂಗ ಬಿದ್ದಿತ್ತು, ಖರೆ. ಆದ್ರ ಲಲಿತಾನ ಕೊತಂಬರಿ ಮಡಿ ಇರಲಿಲ್ಲ, ನನ್ನ ಧೋತರದ ಒಂದು ಸೆರಗೂ ಇರಲಿಲ್ಲ. ದುರ್ಗಪ್ಪ ಚಹಾ ಕುಡಕೋತ, "ಧೋತರ ತಿಂದದ್ದು ಛೊಲೋ ಆತು ಬಿಡೋ, ಅದೂ ಗೊಬ್ಬರಾಗಿ ಬರತೈತಿ" ಅಂದ. ಅಣ್ಣ ಅಂತ ಇನ್ನೊಂದು ಕಪ್ಪು ಚಹಾ ಕೊಟ್ಟೆ.

ಆಮ್ಯಾಲ ಏನಾತು? ಎಲಿ ಬಂದೂ ನೋಡಪಾ, ಅಂಗೈಯಷ್ಟಗಲ, ಕೆರಿಯಾಗಿನ ತಾವರಿ ಎಲಿ ನಾಚಬೇಕು. ಬಳ್ಳಿ ಅನ್ನೂದು ಬಚ್ಚಲ ತನಕ ಹೋತು. ಹೂವು ಮಾತ್ರ ಒಂದೂ ಇಲ್ಲ. ಆ ಮೆತ್ತನ್ನ ಎಲಿ ರುಚಿ ಹತ್ತಿ ಕರಿ ಹೇನು ಎಲ್ಲಿಂದ ಬಂದೂವೋ, ದಂಟಿನ ತುಂಬ ಎಳ್ಳು ಮೆತ್ತಿದಂಗ, ಮುಟ್ಟಿದ್ರ ಕೈ ಅಂಟು ಅಂಟು. ಥೂ! ಎರಡು ಹೊತ್ತು ಊಟ ಸೇರಲಿಲ್ಲ. ಲಲಿತಾ ಸೊಂಟಕ್ಕ ಕೈ ಇಟಗೊಂಡು ನೋಡಿ, "ಮಾವಾರ, ಹೂವು ಬೆಳೀರಿ ಅಂದ್ರ ಹೋರಿಗೆ ಮೇವು ಬೆಳದೀರಲ್ರಿ" ಅಂದ್ಲು. ಎಲ್ಲಾ ಕಿತ್ತು ತಿಪ್ಪಿಗೆ ಒಗದ್ಲು. ಉಣ್ಣಾಕ ಹೆಚ್ಚು ಸಿಕ್ರ ಹೂ ಬಿಡೂದಿಲ್ಲಂತ ಆ ಗಿಡ. ಇಂಥಾ ಮನಶ್ಯಾರನ್ನ ನೋಡೀನಿ, ಗಿಡ ನೋಡಿದ್ದಿಲ್ಲ.

ನೀ ಹೋದ ಮರುದಿನ ಉಳದ ಬೀಜ ಹಿಡಕೊಂಡು ಅಕಿ ಹಿತ್ತಲದಾಗ ಮುಂಜಾನಿಂದ ಸಂಜೀತನಕ ಬಿಸಲು ಎಲ್ಲೆಲ್ಲಿ ಬರತೈತಿ ಅಂತ ಬೆಕ್ಕಿನಂಗ ತಿರಗ್ಯಾಡಿದ್ಲು. ಕಡೀಕ ಹುಡಕಿದ್ದು ಎಲ್ಲಿ? ಬಚ್ಚಲ ಗ್ವಾಡಿ ಮೂಡಲ ಬಾಜೂಕ. ನೀ ಕಟ್ಟಿ ಮ್ಯಾಲ ಇಳಕಲ್ಲ ಕಲ್ಲು ಹಾಸೂವಾಗ ಉಳದ ಚಿಪ್ಪು, ಗರಸು ಎಲ್ಲಾ ಒಗದಿದ್ದಿಯಲ್ಲ, ಅಲ್ಲೆ. ನಿಮ್ಮವ್ವ ಬೋರವ್ವ ಇದ್ದಾಗ ಅಲ್ಲಿ ಹುಲ್ಲೂ ಹುಟ್ಟಿರಲಿಲ್ಲ. ಮುಂಜಾನೆ ಝಳಝಳ ಬಿಸಲು, ಮಧ್ಯಾಹ್ನ ತಿರುಗಿತಂದ್ರ ಗ್ವಾಡಿ ನೆರಳು, ಹಾಕಿದ ನೀರು ನಿಲ್ಲೂದಿಲ್ಲ. ಗೊಬ್ಬರ ಹಿಡಕೊಂಡು ಆ ಕಡೆ ಬಂದೀರಿ ಅಂದ್ರ ನೋಡ್ರಿ ಅಂತ ನನಗ ತಾಕೀತು ಬ್ಯಾರೆ. ಹೊಸ ವರ್ಷಕ್ಕ ಹೂವು ಬಂದೂ. ಕೇಸರಿ, ಹಳದಿ, ಕೆಂಪು, ಕಣ್ಣು ಚುಚ್ಚೂವಂಥಾ ಬಣ್ಣ. ನನಗ ಸೇರೂದಿಲ್ಲ.

ದಾನಿಶ ಖುದ್ದ ನೋಡಾಕ ಬಂದ. ನೋಡಿ ಸುಮ್ನ ಹೋಗಬೇಕಿಲ್ಲೋ? "ಕಾಕಾ, ಬಾಯಿ ತಗೀರಿ" ಅಂತ ಒಂದು ಹೂವು ನನ್ನ ಮುಂದ ಹಿಡದ. ಮನೀಗೆ ಬಂದ ಬೀಗರಂಥಾಂವ, ಒಲ್ಲೆ ಅಂದ್ರ ಮ್ಯಾನರ್ಸ್ ಅಲ್ಲ. ಕಣ್ಣು ಮುಚ್ಚಿ ನುಂಗಿದೆ. ಮೂಗಿಗೆ ಖಾರ ಏರಿ ಕಣ್ಣಾಗ ನೀರು ಬಂದೂ. ಸಾಸವಿಗೆ ಮೂಲಂಗಿ ಹುಟ್ಟಿದಂಗ. ಲಲಿತಾ ನಕ್ಕ ನಗಿ ಲಾಡಬಿ ಮನಿಗೆ ಕೇಳಿಸಿರಬೇಕು. ಎಲಿ ಮಾತ್ರ, ನೋಡು, ಖರೇನ ಹೇಳಬೇಕಂದ್ರ ಹಕ್ಕರಿಕಿ ತಪ್ಪಲದ ಸಮೀಪ ಐತಿ. ಕಟಿ ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ, ಬಾಜೂಕ ನಾಕು ಎಲಿ. ಹಂಗಾದ್ರ ನಡೀತೈತಿ. ಹೂವು ಮಾತ್ರ ಸುತಾರಾಂ ಒಲ್ಲೆ.

ಆಂವ ಮಂಗಳವಾರಕ್ಕೊಮ್ಮೆ ಒಂದು ಬುಟ್ಟಿ ತರ್ರಿ ಅಂತ ಹೇಳಿ ಹೋದ. ಆವತ್ತು ಸಂಜೀಗೆ ಲಲಿತಾ ನನ್ನ ಮುಂದ ಬಂದು ಕುಂತ್ಲು. "ಮಾವಾರ, ಇದು ನಾ ಸ್ವಂತ ಬೆಳದ ಮೊದಲನೇದು ರೀ" ಅಂದ್ಲು. ನೀ ಹೇಳಿದ್ದನ್ನ ಹೇಳಾಕ ಅದಕ್ಕಿಂತ ಛೊಲೋ ಹೊತ್ತು ಇರಲಿಲ್ಲ. ನಾ ಗಂಟಲ ಸರಿ ಮಾಡಕೊಂಡೆ, ಚಹಾ ಮಾಡವಾ ಅಂದೆ.

ಇರಲಿ. ಕೈ ನೋಯಾಕತ್ತೈತಿ. ಲಾಡಬಿ ನಿನಗ ಸಲಾಮ ಹೇಳ್ಯಾಳ. ಬೀರಪ್ಪ ನಿನ್ನ ಎದಿ, ಕೈ, ಕಣ್ಣು ಮೂರೂ ಕಾಯಲಿ. ಮೂಗಿಗೆ ಅರಬಿ ಕಟ್ಟೂದು ಮಾತ್ರ ನೀನ ಮಾಡಬೇಕು.

ನಿನ್ನ ಅಪ್ಪ,
ಮುದಕಪ್ಪ

ತಾ.ಕ.: ಪೋಸ್ಟಿನ ಡಬ್ಬಿ ತಗಿಯೂ ಹೊತ್ತಾತು, ಲಗೂನ ಬರೀತೇನಿ. ಮೊದಲನೇ ಮಂಗಳವಾರನ ಲಲಿತಾಗ ಥಂಡಿ ಜ್ವರ ಬಂತು. ಹೂವು ಹರದು ಇಟ್ಟಿದ್ಲು, ಮಲಕೊಂಡಲ್ಲಿಂದ ಬುಟ್ಟಿನ ನೋಡತಿದ್ಲು. ನಾ ಒದ್ದಿ ಅರಬಿ ಮುಚ್ಚಿ ಬುಟ್ಟಿ ತೊಡಿ ಮ್ಯಾಲ ಇಟಗೊಂಡು ಅಮೀನಗಡ ಮ್ಯಾಲ ಹಾದು ಬಾದಾಮಿಗೆ ಹೋದೆ. ಹೋಟೆಲಿನ ಹಿಂಬಾಗಲಕ್ಕ ನಿಂತೆ. ಹೊಲಸು ವಾಸನಿ, ಉಳ್ಳಾಗಡ್ಡಿ ಸಿಪ್ಪಿ, ಒಂದು ನಾಯಿ. ಹೋಗೂವಾಗ ಬಸ್ಸಿನ್ಯಾಗನ ನಮ್ಮ ಕೋರ್ಟಿನ ಹಳೇ ಬೇಲೀಫ ಸಿಕ್ಕು, "ಏನ್ರಿ ಶಿರಸ್ತೇದಾರರ, ಹೂವು ಮಾರಾಕ ಹೊಂಟೀರೇನು?" ಅಂದ. ಹೌಂದು, ತಿನ್ನೂ ಹೂವು ಅಂದೆ. ಆಂವ ಇಳಕಲ್ಲದಾಂವ, ಅಂದ್ರ ಅಲ್ಲಿ ನಗೂದು ಶುರುವಾಗೈತಿ, ನನಗ. ನಿನ್ನ ಮಾತು ನಾ ಅಕಿಗೆ ಹೇಳಿಲ್ಲ, ಹೇಳೂದೂ ಇಲ್ಲ. ನಿಲ್ಲಸಬೇಕಂದ್ರ ನೀನ ಬಂದು ಅಕಿ ಮುಂದ ನಿಂತು ಹೇಳು. ಮಂಗಳವಾರ ಮಾತ್ರ ಬರಬ್ಯಾಡ, ಮನಿ ಕೀಲಿ ಹಾಕಿರತೈತಿ.