ಮಸಿಯ ಕೆಳಗಿನ ಹೆಸರು

ಪರಿಸರ ಕಚೇರಿಯ ಅಧಿಕಾರಿಗಳಿಗೆ ನಮಸ್ಕಾರ.

ಬಟ್ಟೆಗೆ ಬಣ್ಣ ಹಾಕುವ ನಮ್ಮ ಬೀದಿಯ ತುದಿಯಲ್ಲಿ ನೀವು ಹೊಸ ಫಲಕ ನಿಲ್ಲಿಸಿದ್ದೀರಿ. ಬಣ್ಣದ ನೀರನ್ನು ಶುದ್ಧ ಮಾಡಿಯೇ ಹೊರಬಿಡುವ ನನಗೆ ಕೊಟ್ಟ ಪರವಾನಗಿಯ ಪ್ರತಿಯನ್ನು ಅಲ್ಲಿ ಅಂಟಿಸಿದ್ದೀರಿ. ಆದರೆ ನನ್ನ ಹೆಸರಿನ ಮೇಲೆ ಮಸಿ ಬಳಿದಿದ್ದೀರಿ. ಪಕ್ಕದ ನೋಟಿಸಿನಲ್ಲಿ ನನ್ನ ವಾರಗಿತ್ತಿಯ ಹೆಸರು ದಪ್ಪ ಅಕ್ಷರಗಳಲ್ಲಿ ಮೆರೆಯುತ್ತಿದೆ.

ವಿಚಾರಿಸಿದರೆ ನಿಮ್ಮ ಗುಮಾಸ್ತರು, "ಅಮ್ಮಾ, ನಿಮ್ಮದು ಖಾಸಗಿ ಮಾಹಿತಿ, ನಾವು ಕಾಪಾಡಬೇಕು. ಅವರು ಚರಂಡಿಗೆ ಬಣ್ಣ ಬಿಟ್ಟು ಸಿಕ್ಕಿಬಿದ್ದವರು, ಅವರ ಹೆಸರು ಜನಕ್ಕೆ ಗೊತ್ತಾಗಬೇಕು" ಎಂದರು.

ಚೆನ್ನಾಗಿಯೇ ಗೊತ್ತಾಗಿದೆ. ಅವಳ ತಪ್ಪು ಸಣ್ಣ ಅಕ್ಷರದಲ್ಲಿದೆ, ಅದನ್ನು ಯಾರು ಓದುತ್ತಾರೆ? ದಪ್ಪ ಹೆಸರು ನೋಡಿ, ಪರವಾನಗಿ ಅವಳದೇ ಎಂದುಕೊಂಡು ನನ್ನ ಹಳೆಯ ಗಿರಾಕಿಗಳೂ ಅವಳ ಬಾಗಿಲಿಗೆ ಹೋಗುತ್ತಿದ್ದಾರೆ. ನಿನ್ನೆ ಅವಳು ಗೇಟಿನಲ್ಲಿ ನಿಂತು, "ಅಕ್ಕಾ, ಪಾಪ, ನಿಮಗ್ಯಾಕೆ ಮಸಿ ಬಳಿದರು?" ಎಂದು ಕೇಳಿದಳು. ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಬಣ್ಣ ಕಲಸಲು ಕಲಿಸಿದವಳು ನಾನು.

ನನಗೇನೂ ಹೊಟ್ಟೆಕಿಚ್ಚಿಲ್ಲ. ಹೊಟ್ಟೆಕಿಚ್ಚು ಪಡುವಷ್ಟು ದೊಡ್ಡವಳಲ್ಲ ಅವಳು.

ದಯವಿಟ್ಟು ಆ ಮಸಿ ತೆಗೆಸಿ. ಈ ಪತ್ರವನ್ನೇ ನನ್ನ ಒಪ್ಪಿಗೆ ಎಂದು ತಿಳಿಯಿರಿ. ಸೋಮವಾರದೊಳಗೆ ಆಗದಿದ್ದರೆ ನಾನೇ ಏಣಿ ಹತ್ತಿ ಕೆಂಪು ಬಣ್ಣದಲ್ಲಿ ಹೆಸರು ಬರೆಯುತ್ತೇನೆ. ಸರ್ಕಾರಿ ಫಲಕ ಕೆಡಿಸಿದ ತಪ್ಪಿಗೆ ನೋಟಿಸ್ ಕೊಡುವುದಿದ್ದರೆ ಕೊಡಿ. ಆಗ ನಿಮ್ಮ ನಿಯಮದಂತೆ ನನ್ನ ಹೆಸರನ್ನೂ ದಪ್ಪ ಅಕ್ಷರದಲ್ಲೇ ಹಾಕಬೇಕಲ್ಲವೇ? ಅದನ್ನು ಅವಳ ಹೆಸರಿಗಿಂತ ಮೇಲೆ ಅಂಟಿಸಿ. ಮನೆಗೆ ಹಿರಿಯ ಸೊಸೆ ನಾನು.

ಇಂತಿ,
ಆ ಮಸಿಯ ಕೆಳಗಿರುವವಳು